ಮುಳ್ಳು ಹಾಕಿದ ಮನೆಯಿಂದ

ಹೆಮ್ಮಿಗೆಯ ರೋಜಾಗೆ ದೇವರಿಗಿಂತ ಬಾಗಿಲ ಮೇಲೆ ನಂಬಿಕೆ ಹೆಚ್ಚು. ಮಲಗುವ ಮುನ್ನ ಚಿಲಕವನ್ನು ಮೂರು ಸಲ ಎಳೆದು ನೋಡುವ ಹೆಂಗಸು. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಒಂದೇ. ದೆವ್ವ, ಗಾಳಿ, ಕೆಟ್ಟ ನಕ್ಷತ್ರ ಅಂತ ಯಾರಾದರೂ ಬಾಯಿ ಬಿಟ್ಟರೆ ಅವಳ ಮೂಗು ಕೆಂಪಾಗುತ್ತಿತ್ತು. ನರಸೀಪುರದಲ್ಲಿ ಹೊಳೆಯಿಂದ ಹೊಲಕ್ಕೆ ನೀರೆತ್ತುವ ರೈತರ ಸಂಘವೊಂದಿದೆ. ಅದರ ಆಫೀಸಿನಲ್ಲಿ ಕಂಪ್ಯೂಟರಿನ ಕೆಲಸವೆಲ್ಲ ಅವಳದೇ.

ಅವಳ ಅಪ್ಪ ನಾಗಯ್ಯ ಅದೇ ಸಂಘದ ಪಂಪ್ ನೋಡಿಕೊಳ್ಳುವವನು. ಕಪಿಲೆಯ ಅಂಚಿನಲ್ಲಿರುವ ಪಂಪಿನ ಬಾವಿಗೆ ಮರಳು ತುಂಬಿಕೊಂಡಾಗಲೆಲ್ಲ ಕಬ್ಬಿಣದ ಏಣಿ ಹಿಡಿದು ಮೂವತ್ತು ಅಡಿ ಕೆಳಗಿಳಿಯಬೇಕು. ಅವನು ಒಳಗಿದ್ದಾಗ ಹೊಳೆ ಏರಿತೋ, ಕಥೆ ಮುಗಿಯಿತು. ನಂಜನಗೂಡಿನಲ್ಲಿ ಏರಿದ ನೀರು ಒಂದೆರಡು ಗಂಟೆಯಲ್ಲೇ ಇಲ್ಲಿಗೆ ಬರುತ್ತದೆ. ಹಾಗಾಗಿ ಅಲ್ಲಿನ ಅಳತೆ ಇಲ್ಲಿ ಗೊತ್ತಾಗಲೇಬೇಕು.

ಅಳೆಯುವ ಕೆಲಸ ನಂಜನಗೂಡಿನ ಶಿವಮಲ್ಲಪ್ಪನವರದು. ಅವರ ಮನೆ ಹೊಳೆಯ ದಂಡೆಯಲ್ಲೇ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಅಳತೆಗಲ್ಲು ನೋಡಿ ಬಂದು, ಮನೆಯ ಹಳೇ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದರು. ಮೀಟರಿನಲ್ಲಿ ಬರೆಯಿರಿ ಅಂದರೆ ಕೇಳುವ ಆಸಾಮಿಯಲ್ಲ. ‘ಐದಡಿ ಮೂರಿಂಚು. ನೀರು ತಿಳಿ’ ಎಂದೋ, ‘ಏಳಡಿ. ಟೀ ಬಣ್ಣ’ ಎಂದೋ ಬರೆದರೇ ಅವರಿಗೆ ಸಮಾಧಾನ.

ಆ ಅಳತೆ ನೇರ ಸಂಘದ ಸರ್ವರಿಗೆ ಬಂದು ಬೀಳುವಂತೆ ಮಾಡಿದವಳು ರೋಜಾ. ಹೊಸ ಡೇಟಾಬೇಸ್ ಸರ್ವರ್ ಹೊಸ ಸೊಸೆಯ ಹಾಗೆ. ತನ್ನ ಕೋಣೆಯೊಳಗಿನ ಮಾತಿಗೆ ಬಿಟ್ಟು ಹೊರಗಿನದಕ್ಕೆ ಓಗೊಡುವುದಿಲ್ಲ. ಒಂದು ಫೈಲಿನಲ್ಲಿ ‘ಹೊರಗಿನ ಕರೆಗೂ ಕಿವಿಗೊಡು’ ಎಂದು ಬರೆಯಬೇಕು. ಇನ್ನೊಂದರಲ್ಲಿ, ಯಾರ ಕರೆ ಬಂದರೆ ಒಳಗೆ ಬಿಡಬಹುದು ಎಂದು ಒಂದೊಂದು ಸಾಲಿಗೆ ಒಂದೊಂದು ಇಂಟರ್ನೆಟ್ ವಿಳಾಸ ಕೊಡಬೇಕು.

“ಎಲ್ಲಾರ್ಗೂ ಬಿಟ್ಬುಡವ್ವ, ಈ ಮೂಲೇಗೆ ಯಾವ ಕಳ್ಳ ಬತ್ತಾನೆ?” ಎಂದರು ಸಂಘದ ಕಾರ್ಯದರ್ಶಿ.

“ಕೋಟೆ ಕೊಳ್ಳೆ ಓದ್ಮೇಲೆ ದಿಡ್ಡಿ ಬಾಗ್ಲು ಆಕೋಳು ನಾನಲ್ಲ ಸಾ” ಎಂದು ರೋಜಾ ಒಂದೇ ಒಂದು ಸಾಲು ಬರೆದಳು. ಶಿವಮಲ್ಲಪ್ಪನವರ ಮನೆಯ ವಿಳಾಸ.

ಎರಡು ವರ್ಷ ನಡೆಯಿತು. ಈ ಆಷಾಢದಲ್ಲಿ ಶಿವಮಲ್ಲಪ್ಪನವರು ಮಧ್ಯಾಹ್ನ ಊಟಕ್ಕೆ ಕುಳಿತವರು ಹಾಗೇ ಒರಗಿಕೊಂಡರು. ಕೆಟ್ಟ ನಕ್ಷತ್ರದಲ್ಲಿ ಜೀವ ಹೋಗಿದೆ, ಮೂರು ತಿಂಗಳು ಮನೆ ಬಿಡಬೇಕು ಎಂದಾಯಿತು. ಮೇನ್ ಸ್ವಿಚ್ ಆರಿಸಿ, ಬೀಗ ಜಡಿದು, ಹೊಸ್ತಿಲಿಗೆ ಅಡ್ಡಲಾಗಿ ಜಾಲಿಮುಳ್ಳಿನ ಕೊಂಬೆ ಇಟ್ಟು, ಅವರ ಹೆಂಡತಿ ರುದ್ರಮ್ಮ ಅದೇ ಬೀದಿಯ ತಮ್ಮನ ಮನೆ ಸೇರಿದರು. ಅಳತೆ ನೋಡಲು ಪ್ರೇಮ್‌ಕುಮಾರ್ ಎಂಬವನನ್ನು ಸಂಘ ಗೊತ್ತು ಮಾಡಿತು. ಅವನು ಫೋನ್ ಮಾಡಿ ಹೇಳುತ್ತಿದ್ದ. ಶಿವಮಲ್ಲಪ್ಪನವರ ಸಾಲನ್ನು ಅಳಿಸಲು ರೋಜಾಗೆ ಕೈ ಬರಲಿಲ್ಲ. ನಾಳೆ ನೋಡೋಣ ಎಂದು ಬಿಟ್ಟಳು.

ಹದಿನೈದು ದಿನವಾಗಿತ್ತು. ಸರ್ವರಿನ ದಾಖಲೆಯಲ್ಲಿ ಒಂದು ಕರೆ ಕಂಡಿತು. ಬೆಳಿಗ್ಗೆ ಸರಿಯಾಗಿ ಆರು ಗಂಟೆ, ಅದೇ ವಿಳಾಸ, ಪಾಸ್‌ವರ್ಡ್ ಸರಿ. ಒಳಗೆ ಬಂದಿದೆ, ಏನೂ ಬರೆದಿಲ್ಲ, ಎರಡು ನಿಮಿಷ ಇದ್ದು ಹೋಗಿದೆ. ಸಂಜೆ ಆರಕ್ಕೆ ಮತ್ತೆ ಹಾಗೇ. ಮರುದಿನವೂ ಹಾಗೇ.

ಯಾರೋ ಬೀಗ ಒಡೆದಿರಬೇಕು ಎಂದು ಅವಳು ಪ್ರೇಮ್‌ಕುಮಾರನನ್ನು ಅಟ್ಟಿದಳು. “ಬೀಗ ಅಂಗೇ ಅದೆ ಮೇಡಂ. ಮುಳ್ಳೂ ಅಂಗೇ ಅದೆ. ಕರೆಂಟ್ ಮೀಟ್ರೇ ತಿರುಗ್ತಿಲ್ಲ” ಎಂದ. ಇಂಟರ್ನೆಟ್ಟಿನವನನ್ನು ಕೇಳಿದರೆ, ಆ ಲೈನ್ ತೆಗೆದು ವಾರವಾಯಿತು, ಆ ವಿಳಾಸ ಬೇರೆ ಯಾರಿಗೂ ಕೊಟ್ಟಿಲ್ಲ ಎಂದ.

ರೋಜಾ ತಾನೇ ಬಸ್ಸು ಹತ್ತಿದಳು. ಕಿಟಕಿಯ ಸಂದಿನಲ್ಲಿ ಕಣ್ಣಿಟ್ಟಳು. ಮೇಜಿನ ಮೇಲೆ ಕಂಪ್ಯೂಟರ್, ಅದರ ಮೇಲೆ ಹೊದಿಸಿದ ಟವಲು, ಗೋಡೆಯಿಂದ ಕಿತ್ತು ಇಳಿಬಿಟ್ಟ ವೈರು. ಒಳಗಿನ ಗಾಳಿ ತಣ್ಣಗೆ ಮುಖಕ್ಕೆ ತಾಕಿತು. ವಿಭೂತಿಯ ವಾಸನೆ. ನಿಜ ಹೇಳಬೇಕೆಂದರೆ ಅವಳಿಗೆ ಭಯವಾಯಿತು. ಭಯವಾಯಿತಲ್ಲ ಎಂದು ಸಿಟ್ಟೂ ಬಂತು.

ಹಿಂದೆ ರುದ್ರಮ್ಮ ಬಂದು ನಿಂತಿದ್ದರು. ಸಂಗತಿ ಕೇಳಿ ಅವರೇನೂ ಬೆಚ್ಚಲಿಲ್ಲ.

“ಬಂದು ಏನೂ ಬರೀದೆ ಓಯ್ತಾರಾ?”

“ಊಂ, ಅಮ್ಮಾ.”

“ಇನ್ನೇನು ಬರೆದಾರು ಮಗಾ? ಬಾಗ್ಲಿಗೆ ಮುಳ್ಳು ಮಡಗಿದೀವಿ. ಒಳೆ ತಾವ್ಕೆ ಎಂಗೋದಾರು?”

ಬಸ್ಸಿನಲ್ಲಿ ಆ ಮಾತು ರೋಜಾಳ ಬೆನ್ನು ಬಿಡಲಿಲ್ಲ. ಇದಕ್ಕೆ ತಾನು ಹೆದರಿದರೆ ಓದಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ ಎಂದುಕೊಂಡಳು. ಮರುದಿನ ಆಫೀಸಿಗೆ ಬಂದವಳೇ ಆ ಸಾಲು ಅಳಿಸಿದಳು. ಅವತ್ತು ಸಂಜೆ ಆರಕ್ಕೆ ದಾಖಲೆಯಲ್ಲಿ ಬಿತ್ತು: ಈ ವಿಳಾಸಕ್ಕೆ ಪ್ರವೇಶವಿಲ್ಲ. ದಿನಕ್ಕೆ ಎರಡು ಸಲ, ಬಾಗಿಲು ತಟ್ಟಿ ಹಿಂದಿರುಗಿದ ಗುರುತು.

ಒಂಬತ್ತನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ, ಆ ಸಾಲು ಮತ್ತೆ ಬಿತ್ತು. ಪ್ರವೇಶವಿಲ್ಲ. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಅರ್ಧ ನಿಮಿಷಕ್ಕೊಂದರಂತೆ ಪರದೆ ತುಂಬುತ್ತ ಹೋಯಿತು. ನಾಗಯ್ಯ ಹನ್ನೊಂದಕ್ಕೇ ಮರಳು ತೆಗೆಯಲು ಬಾವಿಗೆ ಇಳಿದಿದ್ದ.

ಪ್ರೇಮ್‌ಕುಮಾರನಿಗೆ ಫೋನ್ ಮಾಡಿದಳು. “ಒಳೆ ನೋಡಿದ್ಯೇನಪ್ಪಾ?”

“ಬೆಳಿಗ್ಗೆನೇ ಏಳಿದ್ನಲ್ಲ ಮೇಡಂ, ನಾಕಡಿ, ಮಾಮೂಲು.”

ದಾಖಲೆ ಓಡುತ್ತಲೇ ಇತ್ತು. ಅರವತ್ತಾಯಿತು, ಎಪ್ಪತ್ತಾಯಿತು. ನಂಬುವುದು ಬಿಡುವುದು ಆಮೇಲೆ, ಅಪ್ಪ ಒಳಗಿದ್ದಾನೆ. ಫೈಲು ತೆರೆದು ಆ ವಿಳಾಸವನ್ನು ಮತ್ತೆ ಬರೆದಳು.

ತಟ್ಟುವುದು ನಿಂತಿತು. ಅಡಿ ಇಂಚಿನ ಜಾಗ ಖಾಲಿ. ಪಕ್ಕದಲ್ಲಿ ಮಾತ್ರ ಎರಡು ಪದ ಮೂಡಿದವು:

‘ಮೆಟ್ಟಿಲು ಮುಟ್ಟಿದೆ.’

ಪಂಪ್‌ಮನೆಯಲ್ಲಿ ಫೋನ್ ಎತ್ತುವವರಿರಲಿಲ್ಲ. ಸ್ಕೂಟಿಯನ್ನು ದಂಡೆಯ ಕೆಸರಿನಲ್ಲೇ ಕೆಡವಿ ಓಡಿದಳು. ಬಾವಿಯ ಬಾಯಿಗೆ ಬಗ್ಗಿ ಗಂಟಲು ಹರಿಯುವಂತೆ ಕಿರುಚಿದಳು. “ಅಪ್ಪಾ, ಮ್ಯಾಕತ್ತು! ಬುಟ್ಟು ಬಾ, ಸಲಿಕೆ ಬುಟ್ಟು ಬಾ!”

“ಏನಾಯ್ತವ್ವಾ ನಿಂಗೆ? ಇನ್ನೆಲ್ಡು ಬುಟ್ಟಿ ಮರಳದೆ” ಎಂದು ಗೊಣಗುತ್ತಲೇ ಹತ್ತಿದ ನಾಗಯ್ಯ. ಅವನು ದಂಡೆಯ ಮೇಲೆ ಕುಳಿತು ಬೀಡಿ ಹಚ್ಚುವಷ್ಟರಲ್ಲಿ ನೀರಿನ ಬಣ್ಣ ತಿರುಗಿತು. ಬೀಡಿ ಮುಗಿಯುವಷ್ಟರಲ್ಲಿ ಏಣಿಯ ಕೆಳಗಿನ ಹತ್ತು ಮೆಟ್ಟಿಲು ಕಾಣಲಿಲ್ಲ. ಅವಳು ಅವನ ಒದ್ದೆ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ಅತ್ತಳು.

ಪ್ರೇಮ್‌ಕುಮಾರ್ ಸಂಜೆ ಬಾಯಿ ಬಿಟ್ಟ. ಎರಡು ದಿನದಿಂದ ಅವನು ಹೊಳೆಯ ಕಡೆ ತಲೆಯೇ ಹಾಕಿರಲಿಲ್ಲ; ಮನೆಯಲ್ಲೇ ಕುಳಿತು ಹಳೆಯ ಅಳತೆಯನ್ನೇ ಒಪ್ಪಿಸುತ್ತಿದ್ದ. ಈಗ ಓಡಿಹೋಗಿ ನೋಡಿದರೆ ಶಿವಮಲ್ಲಪ್ಪನವರ ಮನೆಯ ಮೂರನೇ ಮೆಟ್ಟಿಲಲ್ಲಿ ನೀರು. ಮುಳ್ಳಿನ ಕೊಂಬೆ ಮಾತ್ರ ಅಲುಗಿರಲಿಲ್ಲ.

ಮೂರು ತಿಂಗಳು ತುಂಬಿತು. ಮುಳ್ಳು ತೆಗೆದು, ಬಾಗಿಲು ತೆರೆದು, ಮನೆ ತೊಳೆದು ಶಾಂತಿ ಮಾಡಿಸಿದರು. ದೆವ್ವವಿಲ್ಲ ಎನ್ನುವ ರೋಜಾ ಅವತ್ತು ರಜೆ ಹಾಕಿ ಹೋಗಿ, ತೆರೆದ ಬಾಗಿಲಿನಿಂದ ಒಂದು ಪಕ್ಕಕ್ಕೆ ಸರಿದು ನಿಂತಿದ್ದಳು. ಯಾರಿಗೋ ದಾರಿ ಬಿಡುವಂತೆ.

“ಇದು ನಮ್ಗ್ಯಾಕೆ, ನೀನೇ ತಕ್ಕೊಂಡೋಗು ಮಗಾ” ಎಂದು ರುದ್ರಮ್ಮ ಆ ಹಳೇ ಕಂಪ್ಯೂಟರನ್ನು ಗೋಣಿಚೀಲಕ್ಕೆ ತುಂಬಿಸಿ ಕೊಟ್ಟರು. ಸಂಜೆ ಬಸ್ಸಿನಲ್ಲಿ ತಂದು, ಆಫೀಸಿನ ಮೇಜಿನ ಕೆಳಗಿಟ್ಟು, ಬೀಗ ಹಾಕಿ, ಮೂರು ಸಲ ಎಳೆದು ನೋಡಿ ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಬಂದಾಗ ಚೀಲದ ಬಾಯಿಗೆ ತಾನು ಕಟ್ಟಿದ ಗಂಟು ಹಾಗೇ ಇತ್ತು. ಸರ್ವರ್ ತೆರೆದಳು. ಆರು ಗಂಟೆ, ಅದೇ ವಿಳಾಸ. ಈ ಸಲ ಅಡಿ ಇಂಚಿನ ಜಾಗ ಖಾಲಿ ಇರಲಿಲ್ಲ.

‘ನಾಲ್ಕಡಿ ಎರಡಿಂಚು. ನೀರು ತಿಳಿ.’

ಅಷ್ಟರಲ್ಲಿ ಅಪ್ಪನ ಫೋನ್ ಬಂತು. ಬಾವಿಯ ಬಾಯಲ್ಲಿ ನಿಂತಿದ್ದ. “ಮಗಾ, ಮರಳು ತೆಗೀಬೇಕು. ಇಳೀಲಾ?”

ರೋಜಾ ಕಾಲ ಬಳಿಯ ಚೀಲವನ್ನು ನೋಡಿದಳು, ಪರದೆ ನೋಡಿದಳು. ಪ್ರೇಮ್‌ಕುಮಾರನನ್ನು ಕೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.

“ಇಳಿ ಅಪ್ಪಾ” ಎಂದಳು. “ಅವ್ರು ಒಳೆ ತಾವ್ಕೋಗಿ ನೋಡ್ಕೊಂಡು ಬಂದವ್ರೆ.”