ಗಿರಿಮಲ್ಲಪ್ಪನ ಚೀಟಿ ನ್ಯಾಯ

ನಮ್ಮ ಬನಹಟ್ಟಿ ಓಣ್ಯಾಗ ಗಿರಿಮಲ್ಲಪ್ಪನಂಥ ನ್ಯಾಯದ ಮನಿಷ್ಯಾ ಇನ್ನೊಬ್ಬಿಲ್ಲ. ಅವನ ಹೇಣ್ತಿ ತಂಗೆವ್ವಗ ಕೇಳಿದ್ರ, ಇಂಥಾವ ಇನ್ನೊಬ್ಬ ಇರಲೂಬಾರದು ಅಂತಾಳ. ನಮ್ಮ ಯಜಮಾನ್ರು ತೀರಿದ ವರ್ಷ ಗಿರಿಮಲ್ಲಪ್ಪನ ಮನಿ ಪಾಲಾತು. ಛಲೋ ಮಗ್ಗ ತಮ್ಮಗ ಕೊಟ್ಟು, ತಾಸಿಗೊಮ್ಮೆ ನಿಲ್ಲೂ ಮಗ್ಗ ತಾ ಇಟಗೊಂಡ. "ಹಿರಿಯಾಂವ ಹೊಡಕೊಂಡ ಅಂತ ಜನಾ ಅನಬಾರದು" ಅಂದ. ಇಪ್ಪತ್ತು ವರ್ಷ ಆ ಮಗ್ಗಕ್ಕ ಬೈಕೋತನ ನೇಯ್ದ.

ಇಂಥಾವನ್ನ ಸರಕಾರಿ ಸಾಲಿ ಕಮಿಟಿಗೆ ಅಧ್ಯಕ್ಷನ್ನ ಮಾಡಿದ್ರು. ಹೋದ ಜೂನದಾಗ ಆ ಸಾಲಿಗೆ ಒಂದನೇ ಇಯತ್ತೆದ ಇಂಗ್ಲಿಷ್ ಮೀಡಿಯಂ ವರ್ಗ ಬಂತು. ಸೀಟು ಮೂವತ್ತು, ಬೇಡಿದವರು ನಲವತ್ತೊಂದು. ಅದರಾಗ ಅವನ ಮೊಮ್ಮಗಳು ವೈಶಾಲಿನೂ ಒಬ್ಬಾಕಿ. ಖಾಸಗಿ ಸಾಲಿಗೆ ಹಚ್ಚೂ ತಾಕತ್ತು ಅವರಿಗಿಲ್ಲ. ಇದು ತಪ್ಪಿದ್ರ ತಪ್ಪಿಧಂಗನ.

ಚೀಟಿ ಎತ್ತೂದಂತ ಆತು. ಎತ್ತಾಕ ನನ್ನ ಕರದ. "ಚಸ್ಮಾ ತಗದ್ರ ಮುತ್ತವ್ವಾಯಿಗೆ ತನ್ನ ಕೈ ತನಗ ಕಾಣಂಗಿಲ್ಲ. ಮೋಸಾ ಮಾಡತೇನಂದ್ರೂ ಆಗಂಗಿಲ್ಲ" ಅಂತ ಎಲ್ಲಾರ ಮುಂದ ಹೇಳಿದ. ಹೊಗಳಿದ್ನೋ ಬೈದ್ನೋ ಇನ್ನೂ ತಿಳದಿಲ್ಲ.

ಮೂವತ್ತು ಎತ್ತಿದೆ. ವೈಶಾಲಿ ಬರಲಿಲ್ಲ. ತಂಗೆವ್ವ ನನ್ನ ತಿನ್ನುವಂಗ ನೋಡಿ, "ಡಬ್ಬ್ಯಾಗ ಉಳದದ್ದು ಬಿಚ್ಚ್ರಿ" ಅಂದ್ಲು. ಹೆಡ್‌ಮಾಸ್ತರ ಚಿದಾನಂದ ಸರ್ ಬಿಚ್ಚಿದ್ರು. ಹನ್ನೊಂದು ಇರಬೇಕಿತ್ತು, ಹತ್ತ ಇದ್ದು. ವೈಶಾಲಿದು ಇಲ್ಲ!

ಗಿರಿಮಲ್ಲಪ್ಪ ಟೊಪಗಿ ತಗದು ತಲಿ ಕೆರಕೊಂಡ. "ಆಕಿ ಚೀಟಿ ನಾನ ಹಾಕಿಲ್ಲ. ಬಂದಿದ್ರ ಅಧ್ಯಕ್ಷನ ಕೈವಾಡ ಅಂತಿದ್ರಿ."

"ನಿಮ್ಮ ನ್ಯಾಯಕ್ಕ ಬೆಂಕಿ ಹತ್ತಲಿ! ಕೂಸು ಏನ್ ಪಾಪ ಮಾಡಿತ್ರಿ?" ಅಂದ್ಲು ತಂಗೆವ್ವ.

ಎಲ್ಲಾರೂ ಅಯ್ಯಯ್ಯ ಪಾಪ ಅಂದ್ರು. "ಹಂಗಾದ್ರ ಮತ್ತೊಮ್ಮೆ ಎತ್ತೂಣೇನ್ರಿ?" ಅಂತ ಸರ್ ಕೇಳೂದಕ್ಕ, ಸೀಟು ಸಿಕ್ಕವರು ಮಕ್ಕಳ ರಟ್ಟಿ ಹಿಡದು ಮನಿ ಹಾದಿ ಹಿಡದ್ರು. ಪಾಪ ಅನ್ನಾಕ ಒಬ್ಬರೂ ಉಳೀಲಿಲ್ಲ.

ತಂಗೆವ್ವ ಸರ್ ಕಡೆ ತಿರಗಿದ್ಲು. "ಇಂಗ್ಲಿಷ್ ಬೇಕಂತ ಸರಕಾರಕ್ಕ ಗೊತ್ತೈತಿ ಅಂದಮ್ಯಾಲ ಮೂವತ್ತಕ್ಕ ಯಾಕ ನಿಲ್ಲಸ್ತಾರ್ರಿ? ಉಳದ ಮಕ್ಕಳೇನು ಸಂತಿ ಮುಗದಮ್ಯಾಲ ಬಿಟ್ಟು ಹೋಗೂ ಕಾಯಿಪಲ್ಲೇನು?"

ಸರ್ ಒಂದು ಹಾಳಿ ತಗದ್ರು. ಇನ್ನೊಂದು ವರ್ಗ ಬೇಕಂತ ಅಲ್ಲೇ ಅರ್ಜಿ ಬರದ್ರು. ಗಿರಿಮಲ್ಲಪ್ಪ ಹತ್ತು ಹೆಸರು ಹೇಳಿ, "ನಮ್ಮದು ಕಡೀಕ ಇರಲಿ" ಅನ್ನೂದ್ರಾಗ ತಂಗೆವ್ವ ಪೆನ್ ಕಸಗೊಂಡ್ಲು. ಈಗ ಅರ್ಜ್ಯಾಗ ವೈಶಾಲಿ ಹೆಸರು ದಿನಾಂಕಕ್ಕಿಂತ ಮ್ಯಾಲ ಐತಿ.

ಉತ್ತರ ಇನ್ನೂ ಬಂದಿಲ್ಲ. ಗಿರಿಮಲ್ಲಪ್ಪ ವಾರಕ್ಕೊಮ್ಮೆ ಜಮಖಂಡಿಗೆ ಹೋಗಿ ಶಿಕ್ಷಣ ಖಾತೆ ಸಾಹೇಬ್ರನ್ನ ಕೇಳಿ ಬರತಾನ. ಪಾಳಿ ಬಂದಾಗ ಹಿಂದಿನವರನ್ನ ಮುಂದ ಬಿಡತಾನಂತ ತಂಗೆವ್ವನೂ ಜೋಡಿ ಹೋಗತಾಳ.