ಪಾಠ ಹೇಳದ ಹೂವು

ಹೂವಿನ ಫೋಟೊ ತೆಗೆಯುವಾಗ ನಾನು ಬೀದಿಯಲ್ಲಿ ಬೋರಲು ಮಲಗುತ್ತೇನೆ. ಐವತ್ತು ದಾಟಿದ, ಮೊಣಕಾಲು ಮಾತು ಕೇಳದ ಹುಬ್ಬಳ್ಳಿಯ ಹೆಂಗಸು ಮೆಲ್ಬರ್ನಿನ ಟಾರ್ನೀಟ್‌ನ ರಸ್ತೆಬದಿಯಲ್ಲಿ ಹೀಗೆ ಬಿದ್ದುಕೊಂಡರೆ ಕಂಡವರಿಗೆ ಏನನ್ನಿಸಬೇಡ? ಮೊದಲ ದಿನ ಎದುರುಮನೆಯ ಹರ್ಜೀತ್ ನೀರಿನ ಬಾಟಲಿ ಹಿಡಿದು ಓಡಿಬಂದಿದ್ದ. ಏನೂ ಆಗಿಲ್ಲ, ಹೂವು ನೋಡುತ್ತಿದ್ದೇನೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವನು ಹೂವನ್ನು ನೋಡಿದ, ನನ್ನನ್ನು ನೋಡಿದ, ನೀರನ್ನು ತಾನೇ ಕುಡಿದು ಹೋದ.

ಹೂವು ಅಂದರೆ ಗುಲಾಬಿ ಅಂದುಕೊಳ್ಳಬೇಡಿ. ಫುಟ್‌ಪಾತಿಗೂ ರಸ್ತೆಗೂ ನಡುವೆ ಒಂದು ಹುಲ್ಲಿನ ಪಟ್ಟಿ ಇರುತ್ತದೆ, ಇಲ್ಲಿಯವರು ನೇಚರ್ ಸ್ಟ್ರಿಪ್ ಅನ್ನುತ್ತಾರೆ. ಜಾಗ ಕೌನ್ಸಿಲಿನದು, ಹುಲ್ಲು ಕತ್ತರಿಸುವ ಕರ್ಮ ನಮ್ಮದು. ಚಳಿ ಮುಗಿಯುವ ಹೊತ್ತಿಗೆ ಅದರ ತುಂಬ ಕೇಪ್‌ವೀಡ್ ಎಂಬ ಕಳೆ ಹಳದಿಯಾಗಿ ಅರಳುತ್ತದೆ. ಬಿಸಿಲಿದ್ದರೆ ತೆರೆದುಕೊಳ್ಳುತ್ತದೆ, ಮೋಡ ಕವಿದರೆ ಮುದುಡಿಕೊಳ್ಳುತ್ತದೆ. ಯಾರ ಮುಲಾಜೂ ಇಲ್ಲ. ನನಗೆ ಅದಕ್ಕೇ ಇಷ್ಟ. ನಮ್ಮ ಮನೆಯವರಿಗೆ ಅದನ್ನು ಕಂಡರೆ ಹುಲ್ಲು ಕತ್ತರಿಸುವ ಮೊವರ್ ನೆನಪಾಗುತ್ತದೆ.

ಸಿಡ್ನಿ, ಮೆಲ್ಬರ್ನ್ ಎರಡೂ ಕಡೆಯ ಕನ್ನಡಿಗರದ್ದೊಂದು ವಾಟ್ಸಾಪ್ ಬಳಗ ನಮ್ಮದು. ಬೆಳಗಾದರೆ ಅಲ್ಲೊಂದು ಹೂವು ಬರಬೇಕು, ಹೂವಿನ ಕೆಳಗೆ ಬದುಕಿಗೊಂದು ಪಾಠ ಇರಬೇಕು. ಹೂವು ನನ್ನದು, ಪಾಠ ಸುಬ್ಬಣ್ಣನದು. ಮೈಸೂರಿನ ಈ ಸುಬ್ಬಣ್ಣ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ಹೋಗುತ್ತ ಮೆಟ್ರೋದಲ್ಲಿ ಕೂತು ನನ್ನ ಫೋಟೊಗಳಿಗೆಲ್ಲ ನೀತಿ ಹೊಲಿಯುತ್ತಾನೆ. ಈ ಕಳೆ ಆಫ್ರಿಕಾದಿಂದ ಬಂದದ್ದು ಎಂದು ನಾನೊಮ್ಮೆ ಬಾಯಿಬಿಟ್ಟೆ. ತಕ್ಷಣ ಬರೆದ: ‘ಎಲ್ಲಿಂದಲೋ ಬಂದು ಈ ನೆಲ ಬೆಳಗಿತು, ನಮ್ಮ ಹಾಗೆ.’ ಇದಕ್ಕೆ ಇಲ್ಲಿ ವಿಷ ಹೊಡೆಯುತ್ತಾರೆ, ಅದೂ ನಮ್ಮ ಹಾಗೆಯೋ ಎಂದು ಕೇಳಿದೆ. ಕೈಮುಗಿದ ಚಿತ್ರ ಕಳಿಸಿದ.

ನನ್ನ ಅಜ್ಜಿ ದಿನಾ ಪೂಜೆಗೆ ದಾಸವಾಳ ಬಿಡಿಸುತ್ತಿದ್ದಳು. ಹುಳ ತಿಂದಿದೆಯೋ ಇಲ್ಲವೋ ಅಷ್ಟೇ ಅವಳ ತನಿಖೆ. ಜೇನುಹುಳಕ್ಕೆ ಮಕರಂದ ಬೇಕಿತ್ತು, ದೇವರಿಗೆ ಬಣ್ಣ ಬೇಕಿತ್ತು, ಉಪದೇಶ ಯಾರಿಗೂ ಬೇಕಿರಲಿಲ್ಲ. ಹಳೆಯ ಕವಿಗಳಾದರೂ ಹೂವನ್ನು ಮುಖಕ್ಕೆ, ಕಣ್ಣಿಗೆ, ಪಾದಕ್ಕೆ ಹೋಲಿಸಿ ಸುಸ್ತಾದರೇ ಹೊರತು ಅದನ್ನು ಎಚ್‌ಆರ್ ಮ್ಯಾನೇಜರ್ ಮಾಡಿರಲಿಲ್ಲ.

ಎಚ್‌ಆರ್ ಮಾತು ಯಾಕೆ ಬಂತೆಂದರೆ, ಈ ಆಗಸ್ಟಿನಲ್ಲಿ ನನ್ನ ಕೆಲಸ ಹೋಯಿತು. ಹೋದದ್ದು ನಾನಲ್ಲವಂತೆ, ನನ್ನ ಹುದ್ದೆಯಂತೆ. ಹುದ್ದೆ ಒಂದು ಕಡೆ, ನಾನೊಂದು ಕಡೆ ಇದ್ದ ಹಾಗೆ! ವರ್ಷಗಟ್ಟಲೆ ಕೂತ ಕುರ್ಚಿ, ಕಿಟಕಿಯಲ್ಲಿ ನಾನೇ ಬೆಳೆಸಿದ ಗಿಡ ಎಲ್ಲ ಬಿಟ್ಟುಬಂದೆ. ಬಳಗಕ್ಕೆ ತಿಳಿಸಿದೆ. ಮರುದಿನ ನನ್ನದೇ ಹೂವು ನನಗೇ ವಾಪಸ್ ಬಂತು, ಕೆಳಗೆ ಸುಬ್ಬಣ್ಣನ ಸಾಲು: ‘ಉದುರಿದ ದಳ ಅಳುವುದಿಲ್ಲ, ಗೊಬ್ಬರವಾಗುತ್ತದೆ.’

ಮೈಯೆಲ್ಲ ಉರಿದುಹೋಯಿತು. ಗೊಬ್ಬರವಂತೆ ಗೊಬ್ಬರ! ನನಗೆ ಅಳುಬಂದಿತ್ತು, ಸಿಟ್ಟು ಬಂದಿತ್ತು, ಅವಮಾನವಾಗಿತ್ತು. ಅಷ್ಟನ್ನೂ ಒಂದು ದಳದ ಕೆಳಗೆ ಹೂತುಹಾಕಿ, ಮೇಲೆ ಎಲ್ಲರೂ ಹೃದಯ ಒತ್ತಿದ್ದರು.

ಮರುದಿನ ಬೆಳಗ್ಗೆ ಮೋಡ. ಹೋಗಿ ಮಲಗಿ, ಮುದುಡಿದ ಕೇಪ್‌ವೀಡಿನ ಫೋಟೊ ತೆಗೆದು ಹಾಕಿದೆ. ಕೆಳಗೆ ಬರೆದದ್ದು ಇಷ್ಟೇ: ‘ಇವತ್ತು ಅರಳಿಲ್ಲ. ಯಾರೂ ಪಾಠ ಬರೆಯಬೇಡಿ.’

ಆಮೇಲೆ ಶುರುವಾಯಿತು ನೋಡಿ ಫೋನು. ಪಾಠವಿಲ್ಲದ ಹೂವು ಬಂತೆಂದರೆ ಆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದೇ ನಮ್ಮವರ ಲೆಕ್ಕ. ಗ್ಲೆನ್ ವೇವರ್ಲಿಯ ಆಂಟಿಯೊಬ್ಬರು ಬಿಪಿ ನೋಡಿಸಿಕೋ ಅಂದರು. ಇನ್ನೊಬ್ಬರು ನಮ್ಮ ಮನೆಯವರಿಗೇ ಫೋನ್ ಮಾಡಿ, ಜಗಳ ಆಗಿದೆಯಾ ಎಂದು ವಿಚಾರಿಸಿದರು. ಕೊನೆಗೆ ಸುಬ್ಬಣ್ಣನೇ ಮಾಡಿದ.

"ನಾಳೆ ಅರಳುತ್ತೆ ಅಂತ ಒಂದು ಲೈನ್ ಹಾಕ್ಲೇನಮ್ಮಾ?"

"ಬ್ಯಾಡಣ್ಣಾ. ನಂಗ ಇವತ್ತ ಸಿಟ್ಟು ಬಂದೈತಿ. ಅದು ಇದ್ದಂಗ ಇರ್ಲಿ, ಅದಕ್ಕ ಹೂ ಮುಡಸಬ್ಯಾಡ್ರಿ."

ಆ ಕಡೆ ಮೆಟ್ರೋದ ಬಾಗಿಲು ತೆರೆದ ಸದ್ದು ಕೇಳಿತು, ಮುಚ್ಚಿದ ಸದ್ದೂ ಕೇಳಿತು. ಅವನು ಹತ್ತಲಿಲ್ಲ.

"ಸರಿ, ಹೂವು ಬಿಡು. ನೀನು ಹೇಗಿದೀಯಾ?"

ಕೆಲಸ ಹೋದಮೇಲೆ ಈ ಪ್ರಶ್ನೆ ಕೇಳಿದ ಮೊದಲಿಗ ಅವನೇ. ಚೆನ್ನಾಗಿಲ್ಲ ಅಂದೆ. ಅಂದಮೇಲೆ ಬಾಯಿ ನಿಲ್ಲಲಿಲ್ಲ. ಹುದ್ದೆ, ಕುರ್ಚಿ, ಕಿಟಕಿಯ ಗಿಡ, ಗೊಬ್ಬರ ಎಲ್ಲವನ್ನೂ ಕಾರಿಕೊಂಡೆ. ರೈಲುಗಳು ಬಂದು ಹೋಗುತ್ತಿದ್ದವು. ಅವನು ಹ್ಞೂಂ ಅನ್ನುತ್ತ ಕೇಳಿದ, ಒಂದೇ ಒಂದು ನೀತಿವಾಕ್ಯ ಹೇಳಲಿಲ್ಲ. ಮರುದಿನ ಬಳಗಕ್ಕೆ ತಾನೇ ತೆಗೆದ ಯಾವುದೋ ಮಸುಕು ಹೂವನ್ನು ಹಾಕಿದ, ಕೆಳಗೆ ಖಾಲಿ. ಮಧ್ಯಾಹ್ನದೊಳಗೆ ಅರ್ಧ ಮೆಲ್ಬರ್ನ್ ಅವನ ಬಿಪಿ ವಿಚಾರಿಸಿತ್ತು.

ಶನಿವಾರ ನಮ್ಮ ಮನೆಯವರು ಮೊವರ್ ಹೊರತೆಗೆದರು. ನಾನು ಮೊದಲೇ ಹೋಗಿ ಕ್ಯಾಮೆರಾ ಹಿಡಿದು ಬೋರಲು ಮಲಗಿದ್ದೆ. ಏಳು ಅಂದರು, ಏಳಲಿಲ್ಲ. ಗೊಣಗುತ್ತ ನನ್ನ ಸುತ್ತ ಕತ್ತರಿಸಿ ಒಳಗೆ ಹೋದರು. ಎದ್ದು ನೋಡಿದರೆ, ಬೋಳು ಪಟ್ಟಿಯ ನಡುವೆ ಸರಿಯಾಗಿ ನನ್ನ ಉದ್ದಗಲದ ಒಂದು ತುಂಡು ಹಳದಿ ಉಳಿದಿದೆ, ಸ್ವಲ್ಪ ನಜ್ಜುಗುಜ್ಜಾಗಿ.

ಇದರ ನೀತಿ ಏನು ಎಂದು ಕೇಳಬೇಡಿ. ನಿಮಗೂ ಅರಳಲು ಮನಸ್ಸಿಲ್ಲದ ದಿನ ಬನ್ನಿ, ಒಬ್ಬರು ಮಲಗುವಷ್ಟು ಜಾಗ ಇದೆ.