ಡೋಣಿ ಹಳ್ಳದ ಬಂಗಾರ

"ತೆಗ್ಗು ನೋಡಾಕ ಅಷ್ಟು ದೂರ ಹೋಗಬೇಕೇನ? ನಮ್ಮ ಓಣ್ಯಾಗ ಕಡಿಮಿ ಅದಾವನು?"

ಕಪ್ಪತಗುಡ್ಡದ ಹಳೆಯ ಚಿನ್ನದ ಗಣಿಗಳನ್ನು ನೋಡಿ ಬರುತ್ತೇನೆಂದಾಗ ನಮ್ಮ ಯಜಮಾನರು ಇಷ್ಟು ಹೇಳಿ ಮತ್ತೆ ಪೇಪರಿನಲ್ಲಿ ಮುಖ ಹುದುಗಿಸಿದರು. ಬೆಟಗೇರಿಗೆ ಸೊಸೆಯಾಗಿ ಬಂದು ತಲೆ ಬೆಳ್ಳಗಾಯಿತು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ, ಬಾನು ತಿಳಿಯಾಗಿದ್ದರೆ, ಆ ಗುಡ್ಡ ದೂರದಲ್ಲಿ ಕಾಣುತ್ತದೆ. ಒಮ್ಮೆಯೂ ಹೋಗಿರಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಒಬ್ಬಳೇ ಗದಗಿನ ಬಸ್ ನಿಲ್ದಾಣಕ್ಕೆ ಬಂದೆ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಹೀಗಾಗಿ ಮನೆಯಲ್ಲಿ ಖರ್ಚಿನ ತಕರಾರೂ ಬರಲಿಲ್ಲ.

ಶ್ರಾವಣದ ಮೋಡ ಕವಿದಿತ್ತು. ಎರೆಹೊಲಗಳಲ್ಲಿ ಹೆಸರು ಬಿಡಿಸುವವರ ಸಾಲು. ಡಂಬಳದಲ್ಲಿ ಇಳಿದು ದೊಡ್ಡಬಸಪ್ಪನ ಗುಡಿ ನೋಡಿದೆ. ನಕ್ಷತ್ರದಂತೆ ಮೂಲೆ ಮೂಲೆಯಾಗಿ ತಿರುಗುವ ಅದರ ಗೋಡೆಯನ್ನು ಸುತ್ತಿ ಬರುವಷ್ಟರಲ್ಲಿ ನನ್ನ ತಲೆಯೂ ತಿರುಗಿತ್ತು. ಚಹಾ ಕುಡಿದು ಡೋಣಿಯ ಬಸ್ ಹತ್ತಿದೆ.

ಪಕ್ಕದಲ್ಲಿ ಕೂತವಳು ರತ್ನವ್ವ, ಡೋಣಿಯವಳೇ. ಗಣಿ ನೋಡಲು ಹೊರಟಿದ್ದೇನೆ ಎಂದಾಗ ನಕ್ಕಳು.

"ನೀವು ಬಂಗಾರಕ್ಕ ಗುಡ್ಡಕ್ಕ ಬರ್ತೀರಿ, ನಾವು ಬಂಗಾರಕ್ಕ ಗದಗಿಗೆ ಹೋಗ್ತೇವ್ರಿ ಅಕ್ಕಾರ."

ಅವಳು ಸೇರಿದ್ದು ಜಾಲಗಾರರ ಮನೆ. ಮಳೆಗಾಲದಲ್ಲಿ ಗುಡ್ಡದಿಂದ ಇಳಿದ ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನದ ಕಾಳು ತೆಗೆಯುವುದು ಅವರ ಹಿರಿಯರ ಕಸುಬು. ಈಗ ಹಳ್ಳದಲ್ಲಿ ಹೊಟ್ಟೆ ತುಂಬುವಷ್ಟು ಸಿಗುವುದಿಲ್ಲ. ಅದಕ್ಕೇ ಗದಗಿನ ಪೇಟೆಯಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರ ಅಂಗಡಿಗಳ ಕಸ, ಮುಂದಿನ ಗಟಾರಿನ ರಾಡಿ ತಂದು ತೊಳೆಯುತ್ತಾರೆ. ಬಳೆ, ಉಂಗುರ ಅರದಿಂದ ಉಜ್ಜುವಾಗ ಉದುರಿದ ಪುಡಿ ಅದರಲ್ಲಿರುತ್ತದೆ. ಎಷ್ಟೋ ಸಲ ಆ ಓಣಿಯಲ್ಲಿ ಮೂಗು ಮುಚ್ಚಿಕೊಂಡು ಓಡಾಡಿದವಳು ನಾನು. ನನಗಿದು ಗೊತ್ತೇ ಇರಲಿಲ್ಲ.

ಅವಳ ಮುಖದಲ್ಲಿ ನಗು ಬಹಳ ಹೊತ್ತು ನಿಲ್ಲಲಿಲ್ಲ. ಬರುವ ಸೋಮವಾರ ಮಗಳ ಮದುವೆ. ಮನೆಯ ಹೆಣ್ಣುಮಗಳ ತಾಳಿಗುಂಡಿನಲ್ಲಿ ಒಂದು ಕಾಳಾದರೂ ಹಳ್ಳದ ಬಂಗಾರ ಕರಗಿಸಿ ಸೇರಿಸಬೇಕು, ಅದು ಅವರ ಪದ್ಧತಿ.

"ನಮ್ಮತ್ತಿ ದಿನಾ ನೀರಾಗ ನಿಂದರತಾಳ್ರಿ. ಮೊಣಕಾಲು ಬಾತು ಕೊಡ ಆಗ್ಯಾವು. ಒಂದ ಕಾಳು ಸಿಕ್ಕಿಲ್ಲ. ಸಿಗೂತನಾ ಪತ್ತಾರಗ ಗುಂಡು ಮಾಡಾಕ ಬಿಡಂಗಿಲ್ಲ ಅಂತಾಳ."

ಊರಲ್ಲಿ ಇಳಿದ ಮೇಲೆ ಗಣಿಯ ತನಕ ಅವಳೇ ದಾರಿ ತೋರಿಸಿದಳು. ಬ್ರಿಟಿಷರ ಕಾಲದಲ್ಲಿ ಕಂಪನಿಗಳು ಬಂದು, ಬಾವಿ ತೋಡಿ, ಯಂತ್ರ ಹೂಡಿ, ಖರ್ಚು ಗಿಟ್ಟದೆ ಬಿಟ್ಟುಹೋದ ಜಾಗ. ನೋಡಲು ಉಳಿದಿರುವುದು ಮುರಿದ ಕಲ್ಲುಗೋಡೆ, ಪುಡಿಗಲ್ಲಿನ ದಿಬ್ಬ, ದನ ಬೀಳದಿರಲೆಂದು ಮುಳ್ಳುಕಂಟಿ ಮುಚ್ಚಿದ ಒಂದು ಗಣಿಬಾವಿಯ ಬಾಯಿ. ನಾನೊಂದು ಹರಳು ಹಾಕಿ ಕಿವಿಗೊಟ್ಟೆ. ಸದ್ದು ಬರಲೇ ಇಲ್ಲ. ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಇವನ್ನು ಹೂಡಿದವರೂ ಒಂದು ದಿನ ಬಿಟ್ಟುಹೋಗುತ್ತಾರೇನೋ ಅನ್ನಿಸಿ ಬೇಸರವಾಯಿತು. ಯಜಮಾನರ ಮಾತು ಅರ್ಧ ಖರೆಯೇ, ತೆಗ್ಗು ಅಂದರೆ ತೆಗ್ಗು.

ಗುಡ್ಡ ಈಗ ವನ್ಯಧಾಮ, ಒಳಗೆ ಅಗೆಯುವ ಹಾಗಿಲ್ಲ. ರತ್ನವ್ವ ನನ್ನನ್ನು ಹಳ್ಳದ ಕಡೆ ಕರೆದೊಯ್ದಳು. ಅದು ಕೆಳಗೆ ಹೊಲದ ಬದುವಿಗೆ ಬರುವಲ್ಲಿ ಅವಳ ಅತ್ತೆ ದುರಗವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು ಮರಿಗೆ ತೂಗುತ್ತಿದ್ದಳು. ಮರಳು ತೇಲಿ ಹೋಗಿ ತಳದಲ್ಲಿ ಕಪ್ಪು ಪುಡಿ ಉಳಿಯುತ್ತಿತ್ತು. ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡುವಳು, ಚೆಲ್ಲುವಳು, ಮತ್ತೆ ತುಂಬುವಳು. ನಾನು ದಂಡೆಯಲ್ಲಿ ರೊಟ್ಟಿ ಬಿಚ್ಚಿ ಇಬ್ಬರನ್ನೂ ಕರೆದೆ.

"ನೀವು ಉಣ್ರಿ ಯವ್ವಾ, ಇದೊಂದು ನೋಡಿ ಬಂದೆ," ಎಂದು ದುರಗವ್ವ ಮರಿಗೆಯನ್ನು ಕಲ್ಲಿನ ಮೇಲಿಟ್ಟು, ಜಾರಿದ ಸೀರೆಯನ್ನು ಸಿಕ್ಕಿಸಲು ಆ ಕಡೆ ತಿರುಗಿದಳು. ಅಷ್ಟರಲ್ಲಿ ರತ್ನವ್ವ ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಏನನ್ನೋ ಮರಿಗೆಗೆ ಹಾಕಿಬಿಟ್ಟಳು. ನಾನು ನೋಡಿದ್ದು ಅವಳಿಗೂ ಗೊತ್ತಾಯಿತು. ಸುಮ್ಮನಿರಿ ಎಂದು ಕಣ್ಣಲ್ಲೇ ಬೇಡಿದಳು. ನಾನು ಕಣ್ಣು ತಗ್ಗಿಸಿ ರೊಟ್ಟಿ ಮುರಿಯತೊಡಗಿದೆ.

ದುರಗವ್ವ ಮರಿಗೆಯನ್ನು ಮೆಲ್ಲಗೆ ತೂಗಿದಳು. ಕಪ್ಪು ಪುಡಿಯ ಅಂಚಿನಲ್ಲಿ ಹಳದಿ ಮಿಂಚಿತು. ಬೆರಳ ತುದಿಗೆ ಅಂಟಿಸಿಕೊಂಡು ಹೆಬ್ಬೆರಳಿನಿಂದ ಸವರಿ ನೋಡಿದಳು.

"ಹಳ್ಳದ ಕಾಳು ಉರುಳಿ ಉರುಳಿ ನುಣ್ಣಗ ಇರತೈತಿ ರತ್ನಿ. ಇದಕ್ಕ ಅರಾ ತಾಗೇತಿ."

ರತ್ನವ್ವ ತಲೆ ತಗ್ಗಿಸಿದಳು. "ನಿನ್ನ ಮೊಣಕಾಲ ನೋಡಾಕ ಆಗವಲ್ದು ಅತ್ತಿ. ಅದಕ್ಕ ಹಾಕಿದೆ."

ಮುದುಕಿ ಸಿಟ್ಟಾಗುತ್ತಾಳೆ, ಆ ಪುಡಿಯನ್ನು ನೀರಿಗೆ ಚೆಲ್ಲಿಬಿಡುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ಅದನ್ನು ಒಂದಿಷ್ಟೂ ಬಿಡದೆ ಬಳಿದು ತನ್ನ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

"ಗಟಾರದಾಗ ಕೈಯಾಡಿಸಿ ತಗದೀ. ಹಡದ ತಾಯಿದು ತಾಳಿಗೆ ಬ್ಯಾಡಂತ ಹೆಂಗ ಅನ್ನಲಿ? ಇದು ನಿನ್ನ ಪಾಲಿಂದಾತು. ನನ್ನ ಪಾಲಿಂದು ಇನ್ನೂ ಹಳ್ಳದಾಗ ಐತಿ."

ಹಾಗೆಂದು ಮತ್ತೆ ಮರಳಿಗೆ ಬಾಗಿದಳು. ರತ್ನವ್ವ ಕಣ್ಣೊರೆಸಿಕೊಂಡಳು. ನನಗೂ ಅಳು ಬಂದಿತ್ತು. ಸಂಜೆಯ ಬಸ್ಸಿನ ಹೊತ್ತಾಗಿತ್ತು, ಚಟ್ನಿಯ ಡಬ್ಬಿಯನ್ನು ಅವರಿಗೇ ಬಿಟ್ಟು ಹೊರಟೆ.

ಬದು ಹತ್ತಿದ ಮೇಲೆ ಒಮ್ಮೆ ತಿರುಗಿ ನೋಡಿದೆ. ದುರಗವ್ವ ದಂಡೆಯ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಹೀಗಲ್ಲ ಹಾಗೆ ಎಂದು ಕೈ ತೋರಿಸುತ್ತಿದ್ದಳು. ನೀರಿನಲ್ಲಿ ನಿಂತು ಮರಿಗೆ ತೂಗುತ್ತಿದ್ದವಳು ರತ್ನವ್ವ.